ದಬ್ಬಣದಲ್ಲಿ ಹೊಲಿದ ಕಾದಂಬರಿ

ನಮ್ಮ ಮನೆಗೆ ಮೊದಲ ಸಲ ಬಂದವರು ಪುಸ್ತಕದ ಕಪಾಟಿನ ಮುಂದೆ ನಿಂತರೆ ಅವರ ಕಣ್ಣು ಪುಸ್ತಕಗಳಿಗಿಂತ ಮೊದಲು ಬೀಳುವುದು ಅಲ್ಲಿ ಸಿಕ್ಕಿಸಿಟ್ಟ ದಬ್ಬಣದ ಮೇಲೆ. ಗೇಣುದ್ದದ, ತುದಿ ಕೊಂಚ ಬಾಗಿದ, ಕಾಫಿ ಚೀಲದ ಬಾಯಿ ಹೊಲಿಯುವ ಸೂಜಿ ಅದು. ಗೋಣಿಬೀಡಿನಲ್ಲಿ ಕಾಫಿ ಕೊಳ್ಳುವ ಅಂಗಡಿ ನಮ್ಮದು. ನಮ್ಮ ಯಜಮಾನರ ಗೋಡೌನಿನಲ್ಲಿ ದಬ್ಬಣಕ್ಕೇನೂ ಬರವಿಲ್ಲ. ಆದರೆ ಈ ಒಂದು ದಬ್ಬಣ ಮಾತ್ರ ಕೆಲವು ವರ್ಷಗಳಿಂದ ಚೀಲದ ಮುಖ ನೋಡಿಲ್ಲ. ಅದು ಹೊಲಿಯುವುದು ಕಾದಂಬರಿಗಳನ್ನು.

ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಪೈಕಿ ನೀವಾದರೆ ಸ್ವಲ್ಪ ಎದೆ ಗಟ್ಟಿ ಮಾಡಿಕೊಳ್ಳಿ. ನಾವು ಕಾದಂಬರಿಗಳನ್ನು ಕತ್ತರಿಸುತ್ತೇವೆ. ನಮ್ಮದು ಏಳು ಮನೆಯ ಓದಿನ ಕೂಟ. ತಿಂಗಳಿಗೊಂದು ಕಾದಂಬರಿ ತರಿಸುತ್ತೇವೆ, ಅದೂ ಒಂದೇ ಪ್ರತಿ. ಮೊದಮೊದಲು ಒಂದು ಮನೆಯವರು ಓದಿ ಇನ್ನೊಂದು ಮನೆಗೆ ಕೊಡುವ ಪದ್ಧತಿಯಿತ್ತು. ಏಳನೆಯ ಮನೆಗೆ ಪುಸ್ತಕ ತಲುಪುವಷ್ಟರಲ್ಲಿ ಮೊದಲನೆಯವರಿಗೆ ಕಥಾನಾಯಕನ ಹೆಸರೇ ಮರೆತಿರುತ್ತಿತ್ತು. ಒಂದು ದಿನ ನಮ್ಮ ಯಜಮಾನರು ತಮಾಷೆಗೆ, "ಏಳು ಜನ ಒಂದು ಹಲಸಿನ ಹಣ್ಣು ತಿನ್ನೋದು ಹೇಗೆ? ಹಾಗೇ ಮಾಡಿ" ಎಂದರು. ನಾನು ತಮಾಷೆಯನ್ನು ತಮಾಷೆಯಾಗಿ ಬಿಡುವವಳಲ್ಲ. ಬ್ಲೇಡು ತಂದು ಬೆನ್ನಿನ ದಾರ ಬಿಡಿಸಿ ಪುಸ್ತಕವನ್ನು ಏಳು ಭಾಗ ಮಾಡಿಯೇಬಿಟ್ಟೆ. ನಮ್ಮ ಕೂಟದಲ್ಲಿರುವ ನಿವೃತ್ತ ಮೇಷ್ಟ್ರು ಆ ದೃಶ್ಯ ನೋಡಲಾರದೆ ಎದ್ದು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು.

ಈಗಿನ ಪದ್ಧತಿ ಹೀಗೆ. ಪ್ರತಿ ಭಾಗಕ್ಕೂ ಖಾಕಿ ಕಾಗದದ ರಟ್ಟು, ಮೇಲೆ ನನ್ನ ಕೈಬರಹದಲ್ಲಿ ಅಂಕಿ. ಮನೆಗೊಂದು ಭಾಗ. ನಾಲ್ಕು ದಿನಕ್ಕೊಮ್ಮೆ ಬೆಳಗ್ಗೆ ಹಾಲಿನ ಡೈರಿಯ ಹತ್ತಿರ ಭಾಗಗಳು ಕೈ ಬದಲಾಯಿಸುತ್ತವೆ. ತಿಂಗಳ ಕೊನೆಗೆ ಎಲ್ಲರೂ ಎಲ್ಲ ಭಾಗಗಳನ್ನೂ ಓದಿರುತ್ತಾರೆ, ಆದರೆ ಯಾರೂ ಒಂದೇ ಕ್ರಮದಲ್ಲಿ ಓದಿರುವುದಿಲ್ಲ. ನನಗೆ ಮೊದಲು ಸಿಕ್ಕ ಭಾಗದಲ್ಲಿ ಸತ್ತು ಬೂದಿಯಾದವರು ವಾರ ಕಳೆದ ಮೇಲೆ ಎದ್ದು ಕೂತು ಕಾಫಿ ಕುಡಿಯುತ್ತಾರೆ. ಕೂಟ ಸೇರುವ ದಿನ ಏಳೂ ಭಾಗಗಳನ್ನು ಜೋಡಿಸಿ ದಬ್ಬಣದಲ್ಲಿ ಸುತಳಿ ಪೋಣಿಸಿ ಹೊಲಿಯುತ್ತೇವೆ. ನೋಡುವುದಕ್ಕೆ ಪುಸ್ತಕ ಸಣ್ಣದೊಂದು ಕಾಫಿ ಮೂಟೆಯಂತೆಯೇ ಕಾಣುತ್ತದೆ ಎನ್ನಿ.

ಮಧ್ಯದಿಂದ ಓದುವುದು ನನಗೆ ಹೊಸದಲ್ಲ. ಕಳಸದಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಪೊಟ್ಟಣ ಕಟ್ಟಲು ಹಳೆಯ ವಾರಪತ್ರಿಕೆಗಳ ಕಟ್ಟು ಬರುತ್ತಿತ್ತು. ಜೀರಿಗೆ, ಸಾಸಿವೆ, ಬೆಲ್ಲ ಎಲ್ಲವೂ ಧಾರಾವಾಹಿಗಳ ಪುಟಗಳಲ್ಲಿ ಸುತ್ತಿಕೊಂಡು ಗಿರಾಕಿಗಳ ಮನೆಗೆ ಹೋಗುತ್ತಿದ್ದವು. ಅವು ಹೋಗುವ ಮೊದಲು ಸಿಕ್ಕಷ್ಟನ್ನು ಓದುವುದು ನನ್ನ ಬಾಲ್ಯದ ಮುಖ್ಯ ಉದ್ಯೋಗವಾಗಿತ್ತು. ಒಮ್ಮೆ ಕಥಾನಾಯಕಿ ಕಾಗದ ಒಡೆಯುವ ಹೊತ್ತಿಗೆ ಸರಿಯಾಗಿ ಅಪ್ಪ ಆ ಪುಟವನ್ನು ನನ್ನ ಕೈಯಿಂದ ಎಳೆದುಕೊಂಡು ಬೆಲ್ಲ ಕಟ್ಟಿಕೊಟ್ಟುಬಿಟ್ಟರು. ಗಿರಾಕಿ ಹೊರನಾಡಿನ ಬಸ್ಸು ಹತ್ತುವವರು. ನಾನು ಬಸ್ ನಿಲ್ದಾಣದವರೆಗೆ ಓಡಿ ಅವರನ್ನು ಹಿಡಿದು, ಪೊಟ್ಟಣ ಒಂದು ನಿಮಿಷ ಬಿಚ್ಚಿಕೊಡಿ ಎಂದು ಕೇಳಿದೆ. ಆ ಪುಣ್ಯಾತ್ಮರು ಬೆಲ್ಲದ ಉಂಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತರು, ನಾನು ಪುಟ ಓದಿ ಮುಗಿಸಿದೆ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಅವರು ಬೈಯಲಿಲ್ಲ; ಕಾಗದದಲ್ಲಿ ಏನು ಬರೆದಿತ್ತು ಎಂದು ಮಾತ್ರ ಕೇಳಿದರು. ಅದು ಮುಂದಿನ ಪುಟದಲ್ಲಿತ್ತು.

ಊಟದ ವಿಷಯಕ್ಕೆ ಬರುತ್ತೇನೆ. ಚಿಕ್ಕಮಗಳೂರಿನಲ್ಲೂ ಓದಿನ ಕೂಟಗಳಿವೆಯಂತೆ. ಅವರು ಕಾದಂಬರಿಯ ಬಗ್ಗೆ ಮಾತಾಡಿ ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಕಾದಂಬರಿಯೊಳಗಿನವರು ಏನು ಉಣ್ಣುತ್ತಾರೋ ಅದನ್ನೇ ನಾವು ಉಣ್ಣಬೇಕು. ಮೂಡಿಗೆರೆ ರಸ್ತೆಯ ದೊಡ್ಡ ಎಸ್ಟೇಟಿನ ವಿಮಲಕ್ಕನ ಮನೆಯಲ್ಲಿ ಕೂಟ ಸೇರಿದಾಗ ಕಾದಂಬರಿಯಲ್ಲಿ ಕಡುಬು, ಕೋಳಿಸಾರು ಇತ್ತು. ಮಾಂಸ ತಿನ್ನದ ನಮಗಾಗಿ ಅವರು ಅದೇ ಮಸಾಲೆಯಲ್ಲಿ ಅಣಬೆ ಬೇಯಿಸಿ ಬೇರೆ ಪಾತ್ರೆಯಲ್ಲಿ ಇಟ್ಟಿದ್ದರು. ಮೇಷ್ಟ್ರ ಸರದಿ ಬಂದಾಗ ಸಿಕ್ಕ ಕಾದಂಬರಿಯ ನಾಯಕನೋ ಬಡ ವಿದ್ಯಾರ್ಥಿ. ಇನ್ನೂರು ಪುಟವೂ ಉಪ್ಪಿಟ್ಟು ತಿಂದೇ ಬದುಕಿದವನು. ಮೇಷ್ಟ್ರು ಒಂದು ಬೋಗುಣಿ ಉಪ್ಪಿಟ್ಟು ತಂದಿಟ್ಟು, ಲೇಖಕರಿಗೆ ಗೊತ್ತಿದ್ದದ್ದು ಇಷ್ಟೇ, ತಾನೇನು ಮಾಡಲಿ ಎಂದು ಕೈಚೆಲ್ಲಿದರು. ಇವೆಲ್ಲ ನನ್ನ ನೋಟುಪುಸ್ತಕದಲ್ಲಿ ದಾಖಲಾಗಿವೆ. ಊರಿಗೆ ಬಂದ ನೆಂಟರಿಗೆ ನಾನು ಮೊದಲು ತೋರಿಸುವುದು ಅದನ್ನೇ. ಹೆಮ್ಮೆ ಎನ್ನುತ್ತೀರಾ? ಹೌದು, ಹೆಮ್ಮೆಯೇ.

ಆ ನೋಟುಪುಸ್ತಕದ ಮೊದಲ ಪುಟದಲ್ಲಿ ಒಂದು ನಿಯಮವಿದೆ. ಓದದೆ ಬಂದವರು ಬಡಿಸಬೇಕು. ಎಲ್ಲರ ಊಟವಾದ ಮೇಲೆ ಉಣ್ಣಬೇಕು. ನಗೆಯಾಡುತ್ತಾ ನಾನೇ ಮಾಡಿದ ನಿಯಮ, ಆಮೇಲೆ ಶಾಸನವಾಯಿತು. ಕೊಯ್ಲಿನ ಗಡಿಬಿಡಿಯಲ್ಲಿ ಎರಡು ಭಾಗ ಓದದೆ ಬಂದ ವಿಮಲಕ್ಕನೇ ಒಮ್ಮೆ ಸೆರಗು ಸಿಕ್ಕಿಸಿಕೊಂಡು ಪಲ್ಯ ಬಡಿಸಿದ್ದಾರೆ. ಅವರಿಗೆ ಅದು ಆಟ. ಎಲ್ಲರಿಗೂ ಆಟವೇ ಎಂದು ನಾನು ತಿಳಿದಿದ್ದೆ.

ಇಲ್ಲಿ ಶಾರದಳ ವಿಷಯ ಹೇಳಬೇಕು. ಅವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ತಡವಾಗಿ ಸೇರಿದವಳು. ಮೂರು ಎಕರೆ ತೋಟ. ಆಳುಗಳ ಜೊತೆ ತಾನೂ ಕೊಯ್ಯುತ್ತಾಳೆ, ಕಣದಲ್ಲಿ ತಾನೇ ಒಣಗಿಸುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಓದು ನಿಂತಿತ್ತು. ಕೂಟದಲ್ಲಿ ಮೂಲೆಯ ಕುರ್ಚಿ ಅವಳದು. ಅಭಿಪ್ರಾಯ ಕೇಳಿದರೆ, ತನಗೂ ಹಾಗೇ ಅನ್ನಿಸಿತು ಎಂದು ಹಿಂದೆ ಮಾತಾಡಿದವರ ಮಾತಿಗೆ ಸಹಿ ಹಾಕುತ್ತಿದ್ದಳು. ಓದಿದ್ದಾಳೋ ಇಲ್ಲವೋ ಎಂದು ನಾನು ಆಗಾಗ ಅಡ್ಡಪ್ರಶ್ನೆ ಹಾಕುತ್ತಿದ್ದೆ. ನನ್ನಲ್ಲಿ ಒಬ್ಬ ಇನ್‌ಸ್ಪೆಕ್ಟರು ಹುಟ್ಟಿನಿಂದಲೇ ಇದ್ದಾನೆ, ಏನು ಮಾಡುವುದು.

ಹೋದ ಕೊಯ್ಲಿನಲ್ಲಿ ನಾವು ಓದಿದ್ದು ದೇವಕಿ ಎಂಬ ಹೆಣ್ಣುಮಗಳ ಕಥೆ. ನಾಲ್ಕನೆಯ ಭಾಗದ ಕೊನೆಯಲ್ಲಿ ಅವಳು ಗಂಡನ ಮನೆಯಲ್ಲಿ ಜಗಳವಾಗಿ, ಉಣ್ಣುವ ತಟ್ಟೆಯ ಮುಂದಿನಿಂದ ಎದ್ದು, ಹಬ್ಬಕ್ಕೆ ನೆಂಟರು ಸೇರಿದ್ದ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಹೊರಡುತ್ತಾಳೆ. ಆರನೆಯ ಭಾಗ ಶುರುವಾಗುವಾಗ ಯಾವುದೋ ಪಟ್ಟಣದ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಡುವಿನ ಐದನೆಯ ಭಾಗ ಮೊದಲ ಸುತ್ತಿನಲ್ಲಿ ಶಾರದಳ ಪಾಲಿಗೆ ಬಂತು. ನಾಲ್ಕನೆಯ ದಿನ ಡೈರಿಯ ಹತ್ತಿರ ಅವಳು ಬರಿಗೈಯಲ್ಲಿ ನಿಂತಿದ್ದಳು. ಓದಿ ಮುಗಿಸಿದ್ದೆ, ಆಮೇಲೆ ಕಣದಲ್ಲಿ ಎಲ್ಲೋ ಕಳೆದುಹೋಯಿತು ಎಂದಳು. ಮುಖ ಬಾಡಿತ್ತು. ನಾನು ಅಲ್ಲಿಯೇ, ಹಾಲಿನ ಕ್ಯಾನುಗಳ ನಡುವೆ, ಪುಸ್ತಕವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ವಿಷಯವಾಗಿ ಐದು ನಿಮಿಷ ಭಾಷಣ ಮಾಡಿದೆ. ಪುಸ್ತಕವನ್ನು ಬ್ಲೇಡಿನಿಂದ ಕೊಯ್ದವಳು ನಾನೇ ಎಂಬುದು ಆಗ ನೆನಪಾಗಲಿಲ್ಲ. ಕೊನೆಗೆ, ಓದಿದವಳು ನೀನೊಬ್ಬಳೇ ಆದ್ದರಿಂದ ಕೂಟದಲ್ಲಿ ಆ ಭಾಗ ನೀನೇ ಹೇಳಬೇಕು ಎಂದೆ. ಹೂಂ ಎಂದಳು. ಆ ಭಾಗದ ಊಟವನ್ನೂ ತಾನೇ ಮಾಡಿಕೊಂಡು ಬರುತ್ತೇನೆ ಎಂದಳು.

ಕೂಟ ನಮ್ಮ ಮನೆಯಲ್ಲೇ ಸೇರಿತು. ಶಾರದ ಡಬ್ಬಿಯಿಂದ ಬಿಸಿ ಆರದ ಅಕ್ಕಿರೊಟ್ಟಿ, ಸುಟ್ಟ ಬದನೆಕಾಯಿಯ ಗೊಜ್ಜು, ಬೆಣ್ಣೆ ತೆಗೆದು ಎಲ್ಲರ ತಟ್ಟೆಗೂ ಹಾಕಿ ಕಥೆ ಶುರುಮಾಡಿದಳು. ದೇವಕಿ ಅಕ್ಕನ ಮನೆ ಮುಟ್ಟುವಾಗ ಅಲ್ಲಿ ನೆಂಟರು ತುಂಬಿದ್ದರಂತೆ. ಹಬ್ಬದ ಊಟ ನಡೆದಿತ್ತಂತೆ. ದೇವಕಿ ಬಾಗಿಲು ತಟ್ಟಿದಳಂತೆ. ಅಕ್ಕ ಬಂದು ನೋಡಿ, ಯಾಕೆ ಬಂದೆ, ಗಂಡ ಎಲ್ಲಿ ಎಂದು ಒಂದು ಮಾತೂ ಕೇಳದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಮಣೆ ಹಾಕಿದಳಂತೆ. ಹಬ್ಬದ ಅಡಿಗೆ ಮುಗಿದಿತ್ತು; ಆಗಲೇ ರೊಟ್ಟಿ ತಟ್ಟಿ ಹಾಕಿದಳಂತೆ. ಮೂರು ರೊಟ್ಟಿ ಒಳಗೆ ಹೋಗುವವರೆಗೂ ಮನೆಯಲ್ಲಿ ಯಾರೂ ಏನೂ ಕೇಳಬಾರದು ಎಂದು ಅಕ್ಕನ ಅಪ್ಪಣೆಯಂತೆ.

ವಿಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಡೀ ಕಾದಂಬರಿಯಲ್ಲಿ ಲೇಖಕರು ಗೆದ್ದಿರುವುದು ಈ ಒಂದು ಭಾಗದಲ್ಲಿ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಅಂದು ಚರ್ಚೆ ಸಂಜೆಯವರೆಗೂ ನಡೆಯಿತು. ಶಾರದ ಮೂಲೆಯ ಕುರ್ಚಿಯಿಂದ ತಾನಾಗಿಯೇ ನಡುವಿಗೆ ಬಂದಿದ್ದಳು. ನನ್ನ ಮನೆಯ ಕೂಟದಲ್ಲಿ ನನ್ನ ಮಾತಿಗಿಂತ ಅವಳ ಮಾತಿಗೆ ಕಿವಿ ಹೆಚ್ಚಾಗಿದ್ದದ್ದು ನನಗೆ ಹಿಡಿಸಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಹತ್ತು ದಿನ ಕಳೆದಿರಬೇಕು. ಶಾರದಳ ಗಂಡ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳನ್ನು ನಮ್ಮ ಗೋಡೌನಿಗೆ ತಂದು ಇಳಿಸಿ ಹೋದರು. ಚೀಲ ಬಿಚ್ಚದೆ ಕಾಫಿ ನೋಡಲು ಯಜಮಾನರ ಹತ್ತಿರ ಒಂದು ಚೂಪು ಕೊಳವೆಯಿದೆ. ಅದನ್ನು ಚೀಲಕ್ಕೆ ಚುಚ್ಚಿ ಎಳೆದರೆ ಒಂದು ಹಿಡಿ ಕಾಫಿ ಬರುತ್ತದೆ. ಅಂದು ಕಾಫಿಯ ಜೊತೆ ಅಚ್ಚಿನ ಅಕ್ಷರಗಳಿದ್ದ ಕಾಗದದ ಚೂರುಗಳೂ ಬಂದವು. ಚೀಲ ಬಿಚ್ಚಿ ಸುರಿದರೆ ಖಾಕಿ ರಟ್ಟಿನ ಐದನೆಯ ಭಾಗ. ಯಜಮಾನರು ನನ್ನನ್ನು ಕೂಗಿ, ನಿಮ್ಮ ಕಾದಂಬರಿ ಈ ವರ್ಷ ಒಳ್ಳೇ ಫಸಲು ಕೊಟ್ಟಿದೆ, ತೇವಾಂಶವೂ ಸರಿಯಾಗಿದೆ ಎಂದರು.

ಅಲ್ಲೇ ಚೀಲಗಳ ನಡುವೆ ನಿಂತು ಓದಿದೆ. ದೇವಕಿ ಅಕ್ಕನ ಮನೆಗೆ ಹೋಗುತ್ತಾಳೆ, ನಿಜ. ಒಳಗೆ ನೆಂಟರಿದ್ದಾರೆ, ಅದೂ ನಿಜ. ಆದರೆ ಅವಳು ಬಾಗಿಲು ತಟ್ಟುವುದಿಲ್ಲ. ಕೈ ಎತ್ತುತ್ತಾಳೆ. ಒಳಗಿನಿಂದ ನಗು ಕೇಳಿಸುತ್ತದೆ. ಮೆಟ್ಟಿಲಿಳಿದು ಬಂದು, ಬಸ್ ನಿಲ್ದಾಣದ ನಲ್ಲಿಯಲ್ಲಿ ಎರಡು ಬೊಗಸೆ ನೀರು ಕುಡಿದು, ಸಿಕ್ಕಿದ ಬಸ್ಸು ಹತ್ತುತ್ತಾಳೆ. ರೊಟ್ಟಿ ಇಲ್ಲ, ಬದನೆಕಾಯಿ ಇಲ್ಲ, ಅಕ್ಕನ ಮುಖವೂ ಇಲ್ಲ.

ಮೊದಲು ಬಂದದ್ದು ಸಂತೋಷ; ಸಿಕ್ಕಿಬಿದ್ದಳು ಎಂಬ ಹಾಳು ಸಂತೋಷ. ನನ್ನೊಳಗಿನ ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು ಹೊರಟ. ಶಾರದ ಕಣದಲ್ಲಿ ಬರಿ ಟಾರ್ಪಾಲು ಝಾಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಖಾಕಿ ರಟ್ಟು ನೋಡಿದವಳೇ ಅಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಕಾಫಿ ಕಾಯುತ್ತಾ ಓದೋಣವೆಂದು ಮೊದಲ ದಿನವೇ ಕಣಕ್ಕೆ ತಂದಿದ್ದಳಂತೆ. ಗಾಳಿಗೆ ಹಾರದಿರಲಿ ಎಂದು ಟಾರ್ಪಾಲಿನ ಮೂಲೆಯಲ್ಲಿ, ಒಣಗಿದ ಕಾಫಿಯ ಅಡಿಗೆ ಸಿಕ್ಕಿಸಿ ಎಮ್ಮೆಗೆ ನೀರಿಡಲು ಹೋಗಿದ್ದಾಳೆ. ಅಷ್ಟರಲ್ಲಿ ಮನೆಯವರು ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಕಾಫಿಯನ್ನು ಚೀಲಕ್ಕೆ ಸುರಿದು ಹೊಲಿದುಬಿಟ್ಟಿದ್ದಾರೆ. ಚೀಲಕ್ಕೇ ಹೋಗಿದೆ ಎಂದು ಅವಳಿಗೆ ಹೊಳೆದಿರಲಿಲ್ಲ, ಬಚ್ಚಲೊಲೆಗೆ ಹೋಯಿತೆಂದುಕೊಂಡಿದ್ದಳು.

"ಒಂದು ಪುಟಾನೂ ಓದಿರ್ಲಿಲ್ಲ ರತ್ನಕ್ಕ" ಎಂದಳು.

"ಹಾಗಂತ ಹೇಳಿದ್ರೆ ಏನಾಗ್ತಿತ್ತು ಮಾರಾಯ್ತಿ? ಒಂದು ದಿನ ಬಡಿಸ್ತಿದ್ದೆ, ಅಷ್ಟೇ ತಾನೆ?"

ಅವಳು ಟಾರ್ಪಾಲಿನ ಅಂಚು ಮಡಿಸಿದಳು. "ಬಡಿಸೋದೇನು ದೊಡ್ಡದಲ್ಲ ಅಕ್ಕ. ಯಾರ ಮನೆ ಕಾರ್ಯ ಆದ್ರೂ ಬಡಿಸೋಕೆ ನನ್ನೇ ಕರೀತಾರೆ. ಉಣ್ಣೋದು ಎಲ್ಲಾ ಮುಗಿದ ಮೇಲೆ, ಪಾತ್ರೆ ತಳದ್ದು. ನಿಮ್ಮ ಕೂಟ ಒಂದ್ರಲ್ಲೇ ನಾನು ಎಲ್ಲರ ಜೊತೆ ಕೂತ್ಕೊಂಡು ಉಣ್ತಿದ್ದದ್ದು."

ನನ್ನ ಇನ್‌ಸ್ಪೆಕ್ಟರು ಟೋಪಿ ತೆಗೆದ. ಅವಳು ತಲೆಯೆತ್ತಿ, ಎಲ್ಲರಿಗೂ ಹೇಳುತ್ತೀರಾ ಎಂದು ಕೇಳಿದಳು. ಹೇಳುವುದಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಮಾತು ಬಾಯಿಗೆ ಬರಲಿಲ್ಲ. ಅದು ಇನ್ನೊಂದು ಸುಳ್ಳಾಗಿ, ಅವಳು ಮುಂದೆ ಪ್ರತಿ ತಿಂಗಳೂ ಆ ಸುಳ್ಳಿನ ಋಣದಲ್ಲಿ ನನ್ನ ಮುಖ ನೋಡುತ್ತಾ ಉಣ್ಣುತ್ತಾಳಲ್ಲ ಎನ್ನಿಸಿತು. ಭಾಗವನ್ನು ಅವಳ ಕೈಗೆ ಕೊಟ್ಟು, "ಮೊದಲು ಓದು" ಎಂದಷ್ಟೇ ಹೇಳಿ ಬಂದೆ. ಬಂದ ಮೇಲೆ ನಿದ್ದೆ, ಊಟ ಎರಡೂ ರುಚಿಸಲಿಲ್ಲ. ಮುಂದಿನ ಕೂಟಕ್ಕೆ ಅವಳು ಬರುವುದಿಲ್ಲ ಎಂದೇ ನಾನು ತೀರ್ಮಾನಿಸಿದ್ದೆ. ಅವಳು ಬರದಿದ್ದರೆ ಆ ನೋಟುಪುಸ್ತಕವನ್ನು ನೆಂಟರ ಮುಂದೆ ಹಿಡಿಯಲು ನನಗೆ ಯಾವ ಮುಖವೂ ಇರುತ್ತಿರಲಿಲ್ಲ.

ಮುಂದಿನ ಕೂಟ ವಿಮಲಕ್ಕನ ಮನೆಯಲ್ಲಿ. ಶಾರದ ಬಂದಳು. ಹೊಸ ಕಾದಂಬರಿಯ ಮಾತು ಶುರುವಾಗುವ ಮೊದಲೇ ಐದನೆಯ ಭಾಗವನ್ನು ಮೇಜಿನ ಮೇಲಿಟ್ಟಳು. ಅದರ ಪ್ರತಿ ಪುಟದಲ್ಲೂ ಕೊಳವೆ ಹಾದುಹೋದ ತೂತಿತ್ತು. ತಾನು ಓದಿರಲಿಲ್ಲ, ಹೋದ ತಿಂಗಳು ಹೇಳಿದ್ದೆಲ್ಲ ತಾನೇ ಕಟ್ಟಿದ್ದು ಎಂದು ಎರಡೇ ಮಾತಿನಲ್ಲಿ ಹೇಳಿದಳು. ಹೇಳಿದವಳೇ ಒಳಗೆ ಹೋಗಿ ಸೌಟು ಹಿಡಿದುಕೊಂಡು ಬಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ವಿಮಲಕ್ಕ ನನ್ನ ಮುಖ ನೋಡಿದರು, ನಿಯಮ ನನ್ನದಲ್ಲವೇ.

ನಿಯಮ ಮಾಡಿದವಳಿಗೆ ಅದನ್ನು ಓದುವುದೂ ಗೊತ್ತಿರಬೇಕು. ನಾನು ಎದ್ದು ನಿಂತು ನೋಟುಪುಸ್ತಕ ತೆರೆದೆ. "ಓದದೆ ಬಂದವರು ಬಡಿಸಬೇಕು ಅಂತ ಇದೆ. ಐದನೇ ಭಾಗ ಈಗ ಓದಿರೋಳು ಶಾರದ. ನಾನು ಗೋಡೌನಲ್ಲಿ ಕದ್ದು ಓದಿದ್ದು ಲೆಕ್ಕಕ್ಕಿಲ್ಲ. ಉಳಿದವರೆಲ್ಲ ಏಳಿ" ಎಂದೆ. ಮೊದಲು ಎದ್ದವರು ವಿಮಲಕ್ಕ. ಶಾರದಳ ಕೈಯಿಂದ ಸೌಟು ಕಿತ್ತುಕೊಂಡು ಅವಳನ್ನು ಎಲೆಯ ಮುಂದೆ ಕೂರಿಸಿದರು. ಮೇಷ್ಟ್ರು ನೀರು ತಂದರು, ನಾನು ಅನ್ನ ಹಾಕಿದೆ. ಆರು ಜನ ಸುತ್ತ ನಿಂತು ಬಡಿಸುವಾಗ ಒಬ್ಬಳೇ ಉಣ್ಣುವುದು ಎಷ್ಟು ಕಷ್ಟ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮೂರು ಸಲ ಏಳಲು ನೋಡಿದಳು, ಮೂರು ಸಲವೂ ವಿಮಲಕ್ಕ ಭುಜ ಅದುಮಿದರು. ಕೊನೆಗೆ ನಗತೊಡಗಿದಳು.

ನಮ್ಮೆಲ್ಲರ ಊಟ ಆದ ಮೇಲೆ ಶಾರದ ಐದನೆಯ ಭಾಗವನ್ನು ಗಟ್ಟಿಯಾಗಿ ಓದಿದಳು. ತೂತು ಬಿದ್ದಲ್ಲಿ ಹೋದ ಅಕ್ಷರಗಳನ್ನು ತಡವರಿಸದೆ ತುಂಬಿಕೊಂಡು ಓದಿದಳು. ಬಹಳ ಸಲ ಓದಿದ್ದಳೆಂದು ಕಾಣುತ್ತದೆ. ದೇವಕಿ ನೀರು ಕುಡಿದು ಬಸ್ಸು ಹತ್ತಿದಳು. ಆಮೇಲೆ ಮೇಷ್ಟ್ರು, ಇದು ಬೇಡ, ಶಾರದ ಹೇಳಿದ್ದನ್ನೇ ಬರೆಸಿ ನಮ್ಮ ಪ್ರತಿಯಲ್ಲಿ ಹೊಲಿಯೋಣ ಎಂದರು. ಲೇಖಕರು ಹೊಟ್ಟೆ ತುಂಬಿದ ಹೊತ್ತಿನಲ್ಲಿ ಬರೆದದ್ದಿರಬೇಕು ಎಂದು ವಿಮಲಕ್ಕ ಸೇರಿಸಿದರು. ಕೈ ಎತ್ತಿ ಎಂದೆ. ಆರೂ ಕೈ ಮೇಲೆದ್ದವು.

"ಬೇಡ. ಪುಸ್ತಕದ್ದೇ ಹೊಲೀರಿ" ಎಂದಳು ಶಾರದ. ಅವಳು ನಮ್ಮ ಕೂಟದಲ್ಲಿ ಎಲ್ಲರಿಗೂ ಎದುರಾಗಿ ಆಡಿದ ಮೊದಲ ಮಾತು ಅದು. "ನಾನು ಹೇಳಿದ್ದು ಹಾಗೆ ಆಗ್ಬೇಕಿತ್ತು ಅಂತ. ಇವರು ಬರ್ದಿದ್ದು ಆಗೋದನ್ನ. ಒಳಗೆ ಅಷ್ಟು ಜನ ನಗ್ತಾ ಊಟ ಮಾಡೋ ಮನೆ ಬಾಗ್ಲು ತಟ್ಟಕ್ಕೆ ಕೈ ಬರಲ್ಲ. ನಾನು ಕೂಟಕ್ಕೆ ಸೇರ್ಬೇಕು ಅಂತ ರತ್ನಕ್ಕನ ಮನೆ ಜಗಲಿ ತನಕ ಎರಡು ಸಲ ಬಂದು ಹಾಗೇ ವಾಪಸ್ ಹೋಗಿದ್ದೆ."

ಎರಡು ಸಲ. ಆ ಎರಡು ದಿನ ನಾವು ಏನು ಉಣ್ಣುತ್ತಿದ್ದೆವು, ಯಾವ ಮಾತಿಗೆ ನಗುತ್ತಿದ್ದೆವು ಎಂದು ನೋಟುಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ. ನೋಡುವ ಧೈರ್ಯ ನನಗಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ, ನಂಬಿ ಬಿಡಿ, ಎದೆ ಉಬ್ಬಿತು. ಏಳು ಮನೆಯಲ್ಲಿ ಒಬ್ಬಳು, ತನ್ನ ಕಥೆಗೆ ಬಿದ್ದ ಆರು ಓಟುಗಳನ್ನು ಪಕ್ಕಕ್ಕಿಟ್ಟು ಕಾದಂಬರಿಯ ಪರವಾಗಿ ನಿಂತಿದ್ದಾಳೆ. ಇಂಥ ಓದುಗರು ಸಿಗಬೇಕಾದರೆ ಲೇಖಕರು ಪುಣ್ಯ ಮಾಡಿರಬೇಕು. ನಮ್ಮ ಕೂಟ ಕಡುಬು, ಕೋಳಿಸಾರುಗಳಿಂದ ದೊಡ್ಡದೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಅದು ದೊಡ್ಡದಾದದ್ದು ಆ ಮಧ್ಯಾಹ್ನ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಲ್ಲ ಮಾರಾಯ್ತಿ, ಒಂದು ಸಲ ಬಾಗ್ಲು ತಟ್ಟಿದ್ರೆ ಏನಾಗ್ತಿತ್ತು? ನಾವೇನು ತಿಂದುಬಿಡ್ತಿದ್ವಾ?" ಎಂದೆ.

ಶಾರದ ಹೊಲಿಯಲೆಂದು ಸುತಳಿಯ ತುದಿಯನ್ನು ಬೆರಳಲ್ಲಿ ಹೊಸೆಯುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಮೂರನೇ ಸಲ ತಟ್ಟಿದ್ನಲ್ಲ ಅಕ್ಕ" ಎಂದಳು.